ಅಪ್ಪ ತುಂಬಿದ ಅರ್ಥಗಳು

ನನ್ನ ಅಪ್ಪನಿಗೆ ಇಂಗ್ಲಿಷಿನ ಎರಡನೆಯ ಅರ್ಧ ಮಾತ್ರ ಬರುತ್ತಿತ್ತು. ಎನ್ ಅಕ್ಷರದಿಂದ ಝಡ್ ವರೆಗೆ. ಅದಕ್ಕಿಂತ ಹಿಂದಿನದನ್ನು ಅವರು ಎಲ್ಲರ ಹಾಗೆ ಬಸ್ಸಿನ ಬೋರ್ಡಿನಲ್ಲಿ, ಔಷಧದ ಚೀಟಿಯಲ್ಲಿ, ಹತ್ತನೇ ಕ್ಲಾಸಿನ ಪಾಠದಲ್ಲಿ ಸಿಕ್ಕಿದಷ್ಟು ಕಲಿತಿದ್ದರು. ಎನ್ ದಾಟಿದರೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ನಾನು ತಟ್ಟೆಯಲ್ಲಿ ಬಿಟ್ಟ ಅನ್ನದಗುಳು ಅವರಿಗೆ ‘ಓರ್ಟ್’. ಹಸಿದ ಹೊಟ್ಟೆ ಗುಡುಗುಡು ಅಂದರೆ ‘ವಾಂಬಲ್’. ನಾಡಿದ್ದು ಅನ್ನುವುದಕ್ಕೆ ‘ಓವರ್‌ಮಾರೋ’. “ನೋಡು ಪುಟ್ಟಿ, ಇಂಗ್ಲಿಷ್‌ನೋರ ಹತ್ರಾನೂ ನಾಡಿದ್ದು ಅನ್ನೋದಿತ್ತು. ಜೋಪಾನ ಮಾಡ್ಕೊಳ್ಳೋಕೆ ಬರ್ಲಿಲ್ಲ, ಕಳಕೊಂಡ್ರು” ಅನ್ನುತ್ತಿದ್ದರು, ಪಕ್ಕದ ಮನೆಯವರು ಕೊಡೆ ಕಳೆದುಕೊಂಡದ್ದನ್ನು ಹೇಳುವ ಧಾಟಿಯಲ್ಲಿ.

ಆಗ ನಾವಿದ್ದದ್ದು ಭದ್ರಾವತಿಯಲ್ಲಿ, ಕಾಗದನಗರದ ಅಂಚಿನ ಒಂದು ಬಾಡಿಗೆ ಮನೆಯಲ್ಲಿ. ಕ್ವಾರ್ಟರ್ಸಿನ ಮಕ್ಕಳ ಅಪ್ಪಂದಿರೆಲ್ಲ ದೊಡ್ಡ ಮಿಲ್ಲಿನವರು. ನನ್ನಪ್ಪ ಊರಾಚೆಯ ಪುಟ್ಟ ರಟ್ಟಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಆಪರೇಟರ್. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಲಾರಿಗಟ್ಟಲೆ ರದ್ದಿ ಕಾಗದ ಬಂದು, ನೀರಿನ ತೊಟ್ಟಿಯಲ್ಲಿ ಅರೆದು ಗಂಜಿಯಾಗಿ, ಕೊನೆಗೆ ಮಿಠಾಯಿ ಡಬ್ಬದ ರಟ್ಟಾಗಿ ಹೊರಬರುತ್ತಿತ್ತು. ತೊಟ್ಟಿಗೆ ಸುರಿಯುವ ಮೊದಲು ಕೆಲಸದವರು ತಮಗೆ ಬೇಕಾದ್ದು ಒಂದನ್ನು ಎತ್ತಿಟ್ಟುಕೊಳ್ಳಬಹುದು ಎಂಬ ರೂಢಿ ಅಲ್ಲಿತ್ತು. ಕೆಲವರು ಗೋಡೆಗೆ ಅಂಟಿಸಲು ಸಿನಿಮಾ ಪತ್ರಿಕೆ ಒಯ್ಯುತ್ತಿದ್ದರು, ಕೆಲವರು ಒಂದೇ ಮಗ್ಗುಲು ಬರೆದ ಹಾಳೆಗಳನ್ನು ಮಕ್ಕಳ ಲೆಕ್ಕಕ್ಕೆ. ಅಪ್ಪನಿಗೆ ಸಿಕ್ಕಿದ್ದು ಒಂದು ಹಳೆಯ ಇಂಗ್ಲಿಷ್ ಡಿಕ್ಷನರಿಯ ಎರಡನೆಯ ಸಂಪುಟ. ಮೊದಲನೆಯದು ಯಾವ ಊರಿನ ತೊಟ್ಟಿಗೆ ಬಿತ್ತೋ.

ಸಿಕ್ಕಿದ್ದೂ ಪೂರ್ತಿ ಇರಲಿಲ್ಲ. ರದ್ದಿ ಅಂಗಡಿಯವರು ಪುಸ್ತಕವನ್ನು ಮತ್ತೆ ಯಾರೂ ಮಾರಬಾರದೆಂದು ಕತ್ತರಿ ಯಂತ್ರಕ್ಕೆ ಕೊಟ್ಟಿದ್ದರು, ಅದು ಅರ್ಧಕ್ಕೇ ನಿಂತಿತ್ತು. ಹಾಗಾಗಿ ಎಷ್ಟೋ ಹಾಳೆಗಳು ಉದ್ದಕ್ಕೆ ಸೀಳಿಹೋಗಿದ್ದವು. ಸೀಳಿದ ಹಾಳೆಯ ಒಂದು ಮಗ್ಗುಲಲ್ಲಿ ಪದಗಳಿದ್ದವು, ಅರ್ಥಗಳಿರಲಿಲ್ಲ. ತಿರುಗಿಸಿದರೆ ಅರ್ಥಗಳ ಬಾಲವಿತ್ತು, ಯಾವ ಪದದ ಬಾಲವೆಂದು ಗೊತ್ತಾಗುತ್ತಿರಲಿಲ್ಲ. ಅಪ್ಪ ದಿನಕ್ಕೊಂದು ಪದದಂತೆ ಅದನ್ನು ದಪ್ಪ ನೋಟ್‌ಬುಕ್ಕಿಗೆ ಇಳಿಸತೊಡಗಿದರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ಒಂದು ಸಾಲನ್ನೂ ಖಾಲಿ ಬಿಡಲಿಲ್ಲ.

ಖಾಲಿ ಬಿಡದಿರುವುದು ಅವರ ಕಸುಬಿನ ಗುಣ. ಆ ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಲಾಗ್ ಶೀಟ್ ತುಂಬಬೇಕಿತ್ತು. ಹಬೆ ಕವಿದು ಮೀಟರಿನ ಗಾಜು ಮಸುಕಾದರೆ ಆಪರೇಟರುಗಳು ಹಿಂದಿನ ಗಂಟೆಯದನ್ನೂ ಮುಂದಿನ ಗಂಟೆಯದನ್ನೂ ನೋಡಿ ನಡುವಿನದನ್ನು ಅಂದಾಜಿಸಿ ಬರೆಯುತ್ತಿದ್ದರಂತೆ. ಅನುಭವಸ್ಥರ ಅಂದಾಜು ಹೆಚ್ಚಾಗಿ ಸರಿಯೇ ಇರುತ್ತಿತ್ತಂತೆ. ಶೀಟಿನಲ್ಲಿ ಖಾಲಿ ಚೌಕ ಬಿಟ್ಟವನು ಕೆಲಸಗಳ್ಳ, ತುಂಬಿದವನು ಜವಾಬ್ದಾರಿಯವನು. ಅಪ್ಪ ಡಿಕ್ಷನರಿಯನ್ನೂ ಹಾಗೆಯೇ ತುಂಬಿದರು. ಮೇಲಿನ ಪದ ಗೊತ್ತಿದೆ, ಕೆಳಗಿನ ಪದ ಗೊತ್ತಿದೆ, ನಡುವಿನದು ಇವೆರಡರ ಮಧ್ಯೆ ಎಲ್ಲೋ ಇರಬೇಕಲ್ಲ? ಆದರೆ ಇದು ನನಗೆ ತಿಳಿದದ್ದು ತೀರಾ ಇತ್ತೀಚೆಗೆ, ಕೂದಲು ನೆರೆತ ಮೇಲೆ.

ಏಳು ವರ್ಷದವಳಿದ್ದಾಗ ನಲ್ಲಿ ಕಟ್ಟೆಯ ಮೇಲೆ ಬಿದ್ದು ಗದ್ದ ಸೀಳಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡಿ ಬರುವ ತನಕ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟೆ ಒತ್ತಿ ಹಿಡಿದಿದ್ದರು. “ಇದಕ್ಕೊಂದು ಪದ ಇದೆ ಗೊತ್ತಾ? ಸುಸರಸ್. ಹೊಲಿಗೆ ಬೀಳೋ ತನಕ ನೋವು ತಡ್ಕೊಂಡಿರೋದು. ಈಗ ನೀನು ಮಾಡ್ತಿರೋದು ಅದೇ” ಅಂದರು. ನೋವಿಗೆ ಇಂಗ್ಲಿಷಿನಲ್ಲಿ ಹೆಸರಿದೆ ಅಂದ ಮೇಲೆ ನನಗೆ ಏನೋ ದೊಡ್ಡಸ್ತಿಕೆ ಬಂದುಬಿಟ್ಟಿತು. ಅಳಲಿಲ್ಲ. ಆ ಪದಕ್ಕಾಗಿಯೇ ನಾನು ಮುಂದೆ ಇಂಗ್ಲಿಷ್ ಎಂ.ಎ. ಮಾಡಿದೆ ಅಂದರೆ ಅತಿಯಾಯಿತು. ಆದರೆ ಪೂರ್ತಿ ಸುಳ್ಳೂ ಅಲ್ಲ.

ಈಗ ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮನೆ ರಾಗಿಗುಡ್ಡದಲ್ಲಿ. ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾರೆ. ಗುರುವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು, ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಹಳೆಯ ಜೊತೆಗಾರರೊಂದಿಗೆ ಟೀ ಕುಡಿದು ಬರುತ್ತಾರೆ. ಅಲ್ಲಿ ಅವರನ್ನು ಈಗಲೂ ‘ಡಿಕ್ಷನರಿ’ ಅಂತಲೇ ಕರೆಯುವುದು. ಹಾಳೂರಿಗೆ ಉಳಿದವನೇ ಗೌಡ ಎಂದು ಅಮ್ಮ ಇದ್ದಾಗ ಛೇಡಿಸುತ್ತಿದ್ದಳು. ಅಪ್ಪ ನಗುತ್ತಿದ್ದರು, ಗೌಡಿಕೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಹೋದ ವರ್ಷ ಒಂದು ದಿನ ತರಗತಿಯಲ್ಲಿ ಕವಿತೆಯೊಂದರ ಬಗ್ಗೆ ಹೇಳುತ್ತಾ, “ದೇರ್ ಈಸ್ ಅ ಬ್ಯೂಟಿಫುಲ್ ಓಲ್ಡ್ ವರ್ಡ್” ಎಂದು ಶುರುಮಾಡಿ ಸುಸರಸ್‌ನ ಅರ್ಥ ಹೇಳಿದೆ. ಪ್ರತಿ ವರ್ಷ ಹೇಳುತ್ತೇನೆ. ಹೊಲಿಗೆಯ ತನಕ ತಾಳಿಕೊಳ್ಳುವುದು ಅಂದಾಗ ಹುಡುಗರು ಅದನ್ನು ನೋಟ್ಸಿನ ಅಂಚಿಗೆ ಬರೆದುಕೊಳ್ಳುತ್ತಾರೆ, ನನಗೆ ಅದು ಇಷ್ಟ. ಮರುದಿನ ಮುಂದಿನ ಬೆಂಚಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಮ್ಯಾಮ್, ಸಾರಿ, ಫೋನಲ್ಲಿ ನೋಡ್ದೆ. ಅದು ಎಲೆ ಅಲ್ಲಾಡೋ ಪಿಸುಸದ್ದು ಅಂತಿದೆ. ನೀವು ಹೇಳಿದ್ದು ಎಲ್ಲೂ ಸಿಗ್ಲಿಲ್ಲ. ಯಾವ ಡಿಕ್ಷನರಿ ಮ್ಯಾಮ್?” ಅಂದಳು. ಪಾಪ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. “ಅದು ಹಳೇ ಎಡಿಷನ್ನು, ಕ್ಲಾಸಿಗೆ ಹೋಗು” ಎಂದು ಗದರಿಸಿ ಕಳಿಸಿದೆ.

ಮನುಷ್ಯ ಎಂ.ಎ. ಮಾಡಿಯೂ ಒಂದು ಪದವನ್ನು ಒಮ್ಮೆಯೂ ತೆಗೆದು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅಪ್ಪ ಹೇಳಿದ ಪದವನ್ನು ಡಿಕ್ಷನರಿಯಲ್ಲಿ ಪರೀಕ್ಷಿಸುವುದು ಅಮ್ಮ ಬಡಿಸಿದ ಅನ್ನವನ್ನು ತಕ್ಕಡಿಗೆ ಹಾಕಿದ ಹಾಗೆ. ಯಾರು ಮಾಡುತ್ತಾರೆ? ಆದರೆ ಅಂದು ಸಂಜೆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕತೊಡಗಿದೆ. ಇಪ್ಪತ್ತು ವರ್ಷದಿಂದ ನನ್ನ ಬಳಿ ಓದಿದವರಲ್ಲಿ ಎಷ್ಟು ಜನ ಈ ಅರ್ಥ ಹೊತ್ತುಕೊಂಡು ಎಲ್ಲೆಲ್ಲಿದ್ದಾರೋ. ಅವರಲ್ಲಿ ಕೆಲವರು ಮೇಷ್ಟ್ರೂ ಆಗಿದ್ದಾರೆ.

ಇದೇ ಹೊತ್ತಿಗೆ ಭದ್ರಾವತಿಯಿಂದ ಒಬ್ಬರು ಮನೆಗೆ ಬಂದರು. ಅಪ್ಪನ ಕೈಕೆಳಗೆ ಕೆಲಸ ಮಾಡಿದ್ದವರು, ತಮಿಳಿನವರು, ಈಗ ಅಲ್ಲೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. ಕಂಕುಳಲ್ಲಿ, ಹಿಂದಿನ ಗುರುವಾರ ಓದಲು ಇಸಿದುಕೊಂಡಿದ್ದ ಅಪ್ಪನ ನೋಟ್‌ಬುಕ್ಕು. “ಅಣ್ಣಂಗೆ ಎಪ್ಪತ್ತೈದು ತುಂಬ್ತದಲ್ಲಮ್ಮ, ಇದನ್ನ ಬುಕ್ಕು ಮಾಡ್ಬಿಡೋಣ ಅಂತ ನಾವೆಲ್ಲಾ ಸೇರ್ಕೊಂಡು ಡಿಸೈಡ್ ಮಾಡಿದೀವಿ. ಸಣ್ಣ ಫಂಕ್ಷನ್ನು. ನಿಮ್ಮ ಪ್ರಿನ್ಸಿಪಾಲರ್ನ ನೀನೇ ಕರೀಬೇಕು. ಟೈಪ್ ಮಾಡಿ ಕೊಡೋದು ನಿನ್ನ ಜವಾಬ್ದಾರಿ, ಇಂಗ್ಲಿಷ್ ಎಂ.ಎ. ಅಲ್ವಾ” ಅಂದರು. ಅಪ್ಪ ಪಕ್ಕದಲ್ಲಿ ಕೂತು ಏನೂ ಗೊತ್ತಿಲ್ಲದವರಂತೆ ಉಗುರು ನೋಡಿಕೊಳ್ಳುತ್ತಿದ್ದರು. ಕಿವಿ ಕೆಂಪಾಗಿತ್ತು. ಅವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಅಮ್ಮ ಹೋದ ಮೇಲೆ ನೋಡಿಯೇ ಇರಲಿಲ್ಲ.

ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಯಿತು ನನ್ನ ಕಥೆ. ಇದ್ದದ್ದು ಇದ್ದ ಹಾಗೆ ಅಚ್ಚಾದರೆ ಪ್ರಿನ್ಸಿಪಾಲರು ವೇದಿಕೆಯ ಮೇಲೆಯೇ ಪುಟ ತಿರುಗಿಸುತ್ತಾರೆ, ಅವರೂ ಇಂಗ್ಲಿಷಿನವರು. ಊರಿಗೆಲ್ಲ ಡಿಕ್ಷನರಿಯಾಗಿದ್ದ ಅಪ್ಪ ಎಪ್ಪತ್ತೈದನೆಯ ವಯಸ್ಸಿನಲ್ಲಿ ನಗೆಪಾಟಲಾಗುತ್ತಾರೆ, ಜೊತೆಗೆ ನಾನೂ. ತಪ್ಪಿದೆ ಎಂದು ಅವರಿಗೆ ಹೇಳಿದರೆ ಈ ಫಂಕ್ಷನ್ನೇ ಬೇಡ ಅನ್ನುತ್ತಾರೆ, ಆ ಕೆಂಪು ಕಿವಿ ಮತ್ತೆ ಕಾಣುವುದಿಲ್ಲ. ನಾಳೆ ಹೇಳೋಣ ಎಂದುಕೊಂಡು ನೋಟ್‌ಬುಕ್ಕನ್ನು ಕಾಲೇಜಿಗೆ ಒಯ್ದೆ. ನಾಳೆ ಅನ್ನುವುದು ಓವರ್‌ಮಾರೋ ಆಯಿತು, ಅದೂ ದಾಟಿತು.

ಖಾಲಿ ಪೀರಿಯಡ್ಡುಗಳಲ್ಲಿ ಲೈಬ್ರರಿಯ ದೊಡ್ಡ ಡಿಕ್ಷನರಿ ತೆಗೆದುಕೊಂಡು ಒಂದೊಂದೇ ಪದ ನೋಡುತ್ತಾ ಹೋದೆ. ಸರಿ ಇದ್ದದ್ದು ಸರಿ, ತಪ್ಪಿದ್ದದ್ದು ತಪ್ಪು ಎಂದು ಎರಡು ರಾಶಿ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಯು ಅಕ್ಷರದ ‘ಅಲಿಜ್’ ಎಂಬ ಪದಕ್ಕೆ ಅಪ್ಪ ‘ಪೀಪಾಯಿಯಲ್ಲಿ ತುಂಬದೆ ಉಳಿದ ಜಾಗ’ ಎಂದು ಬರೆದಿದ್ದರು. ಕಾರ್ಖಾನೆಯ ಪೀಪಾಯಿ ನೋಡಿ ನೋಡಿ ಹುಟ್ಟಿಸಿದ ಅರ್ಥ ಇದು ಎಂದು ನಕ್ಕು ಹೊಡೆದುಹಾಕಿದೆ. ತೆಗೆದು ನೋಡಿದರೆ ಅಕ್ಷರಶಃ ಅದೇ ಅರ್ಥ. ‘ವೆಲೀಯಿಟಿ’ಗೆ ‘ಸದ್ದಿಲ್ಲದ ನುಣ್ಣನೆಯ ವೇಗ, ಯಂತ್ರ ಹದಕ್ಕೆ ಬಂದಾಗ ಇರುವಂಥದು’ ಎಂದಿತ್ತು. ಎಷ್ಟು ಚೆನ್ನಾಗಿದೆ, ಇದು ಸರಿಯೇ ಇರಬೇಕು ಅಂದುಕೊಂಡೆ. ಪೂರ್ತಿ ತಪ್ಪು. ಕೈ ಎತ್ತಿಸುವಷ್ಟೂ ಬಲವಿಲ್ಲದ ಬಡಕಲು ಆಸೆಗೆ ಆ ಹೆಸರು. ಆಮೇಲೆ ಹೊಳೆಯಿತು, ಮೇಲೆ ವಾಹನದ ಪದ, ಕೆಳಗೆ ವೇಗದ ಪದ, ಮಕಮಲ್ಲಿನ ಪದ, ಇವುಗಳ ನಡುವೆ ಇದು ಕೂತಿತ್ತು. ಸುಸರಸ್ ಕೂತದ್ದು ತಾಳಿಕೊಳ್ಳುವುದಕ್ಕೂ ಹೊಲಿಗೆಗೂ ನಡುವೆ. ಲಾಗ್ ಶೀಟಿನ ವಿಷಯ ನನಗೆ ಅರ್ಥವಾದದ್ದು ಆ ಟೇಬಲ್ಲಿನ ಮುಂದೆ. ಅಯ್ಯೋ ಅಪ್ಪ ಎಂದು ಜೋರಾಗಿಯೇ ಅಂದುಬಿಟ್ಟೆ, ಲೈಬ್ರರಿಯನ್ ತಲೆಯೆತ್ತಿ ನೋಡಿದರು.

ಅಲ್ಲಿಂದ ನನ್ನ ತಲೆ ಪೂರ್ತಿ ಕೆಟ್ಟಿತು. ಯಾವುದು ಪುಸ್ತಕದ್ದು, ಯಾವುದು ಅಪ್ಪನದು, ಯಾವುದು ನಾನೇ ಚಿಕ್ಕಂದಿನಲ್ಲಿ ತಪ್ಪಾಗಿ ನೆನಪಿಟ್ಟುಕೊಂಡದ್ದು, ಒಂದೂ ಬಿಡಿಸಲಾಗುತ್ತಿರಲಿಲ್ಲ. ಚೆನ್ನಾಗಿ ಗೊತ್ತಿದ್ದ ಪದಗಳ ಮೇಲೂ ಅನುಮಾನ ಬಂತು. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ‘ಟೇಬಲ್’ ಅನ್ನುವುದಕ್ಕೂ ಫೋನು ತೆಗೆಯುವಷ್ಟು. ತಪ್ಪು ಅರ್ಥಗಳೇ ಸರಿಯಾದವುಗಳಿಗಿಂತ ಬೇಕಾದವು ಅನ್ನಿಸುತ್ತಿತ್ತು. ಹೊಲಿಗೆ ಬೀಳುವ ತನಕ ತಡೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಆ ಸ್ಥಿತಿ ಮಾತ್ರ ಇದೆ, ನಾನೇ ಅನುಭವಿಸಿದ್ದೇನೆ. ಹಾಗಂತ ಅದನ್ನು ಅಚ್ಚು ಹಾಕಿಸಲಾಗುತ್ತದೆಯೇ? ನಾನು ಮಾರ್ಕ್ಸ್ ಕಳೆಯುವ ಕೆಲಸದವಳು. ಕೆಂಪು ಪೆನ್ನು ಹಿಡಿದು ಹಿಡಿದು ನನ್ನ ಬೆರಳಿಗೆ ಬೇರೆ ಅಭ್ಯಾಸವೇ ಇಲ್ಲ.

ಕೊನೆಗೆ ಕಳ್ಳದಾರಿ ಹಿಡಿದೆ. ಅಪ್ಪನಿಗೆ ಹೇಳುವುದೂ ಬೇಡ, ತಪ್ಪು ಅಚ್ಚಾಗುವುದೂ ಬೇಡ. ಟೈಪ್ ಮಾಡುವಾಗ ತಪ್ಪು ಅರ್ಥಗಳನ್ನು ತೆಗೆದು ಸರಿಯಾದವನ್ನು ಹಾಕಿದೆ. ಅವರ ಶೈಲಿಯಲ್ಲೇ ಬರೆದೆ, ಅವರ ಹಾಗೆ ‘ಅಂಥದು’, ‘ಇಂಥದು’ ಎಂದು ಸೇರಿಸಿದೆ. ಆರುನೂರು ಚಿಲ್ಲರೆ ಪದಗಳಲ್ಲಿ ಇನ್ನೂರರಷ್ಟು ಬದಲಾದವು. ಆ ಎರಡು ತಿಂಗಳಲ್ಲಿ ಸಂಜೆ ಮನೆಗೆ ಬಂದರೆ ಅಪ್ಪ ಹಾಲ್‌ನಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿಕೊಂಡು ಕೂತಿರುತ್ತಿದ್ದರು. “ಎಲ್ಲಿಗೆ ಬಂತು? ಏನಾದ್ರೂ ಡೌಟ್ ಬಂದ್ರೆ ಕೇಳು” ಅನ್ನುತ್ತಿದ್ದರು. “ಏನೂ ಡೌಟ್ ಇಲ್ಲ ಅಪ್ಪ, ನೀವು ಟೀವಿ ನೋಡಿ” ಎಂದು ನಾನು ಒಳಗೆ ಹೋಗುತ್ತಿದ್ದೆ. ಅವರ ಕಣ್ಣು ತಪ್ಪಿಸುವುದಷ್ಟೇ ನನಗೆ ಬೇಕಿತ್ತು. ಎರಡನೆಯ ಕುರ್ಚಿ ಯಾಕೆ ಎಂದು ನಾನು ಯೋಚಿಸಲಿಲ್ಲ.

ಪ್ರೆಸ್ಸಿನಿಂದ ಪ್ರೂಫ್ ಬಂತು. ಒಂದು ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಅಪ್ಪನ ಕೈಗೆ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ಓದಲು ಕೂತರು. ನಾನು ಅಡುಗೆಮನೆಯಲ್ಲಿ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಾ ಕಿವಿ ಹಾಲ್‌ನಲ್ಲಿಟ್ಟಿದ್ದೆ. ಆರುನೂರು ಪದ, ನಲವತ್ತು ವರ್ಷದ ಹಿಂದೆ ಬರೆದದ್ದು, ಯಾರಿಗೆ ನೆನಪಿರುತ್ತದೆ ಎಂದು ಧೈರ್ಯ ಹೇಳಿಕೊಂಡೆ. ಮಧ್ಯಾಹ್ನದ ಊಟಕ್ಕೆ ಕರೆದರೆ ಬರುತ್ತೇನೆ ಅಂದರು, ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹಾಳೆಗಳನ್ನು ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ನನ್ನನ್ನು ಕರೆದರು.

“ಚೆನ್ನಾಗಿದೆ ಪುಟ್ಟಿ. ಎಲ್ಲಾ ಸರಿಯಾಗಿದೆ” ಅಂದರು.

ಸರಿಯಾಗಿದೆ ಎಂದು ಅವರು ಹೇಳಿದ ರೀತಿ ನನ್ನನ್ನು ಗಲಿಬಿಲಿಗೊಳಿಸಿತು. “ಸರಿಯಾಗಿದೆ ಅಂದ್ರೆ?”

“ಸರಿಯಾಗಿದೆ ಅಂದ್ರೆ ಸರಿಯಾಗಿದೆ. ನೀನು ಎಂ.ಎ. ಸೇರಿದ ವರ್ಷ ನಾನು ಶಿವಮೊಗ್ಗಕ್ಕೆ ಬಂದು ಲೈಬ್ರರೀಲಿ ಪೂರ್ತಿ ಡಿಕ್ಷನರಿ ನೋಡಿದ್ದೆ ಕಣೆ. ಮೂರು ದಿನ ರಜ ಹಾಕಿ. ನಂದು ಎಷ್ಟು ತಪ್ಪು ಅಂತ ಆವಾಗ್ಲೇ ಗೊತ್ತಾಯ್ತು.”

ಗೊತ್ತಿತ್ತೇ? ಗೊತ್ತಿದ್ದೂ ಇಷ್ಟು ವರ್ಷ? ಸಿಟ್ಟೂ ಬಂತು, ನಾಚಿಕೆಯೂ ಆಯಿತು, ಯಾವುದು ಮೊದಲು ಎಂದು ತಿಳಿಯಲಿಲ್ಲ. “ಮತ್ತೆ ಯಾಕಪ್ಪ ತಿದ್ದಲಿಲ್ಲ? ನಾನು ಕ್ಲಾಸಲ್ಲೆಲ್ಲಾ ಹೇಳ್ಕೊಂಡು ಬಂದಿದ್ದೀನಿ. ಮಾನ ಹೋಯ್ತು ನಂದು” ಎಂದು ಹರಿಹಾಯ್ದೆ.

“ಕ್ಲಾಸಲ್ಲಿ ಹೇಳ್ತೀಯ ಅಂತ ನಂಗೇನ್ ಗೊತ್ತು? ಮೇಷ್ಟ್ರುಗಳು ಪುಸ್ತಕ ನೋಡಿ ಹೇಳ್ತಾರೆ ಅಂತ ನಾನು ಅಂದ್ಕೊಂಡಿದ್ದೆ.” ಅಪ್ಪ ಭೂತಗನ್ನಡಿಯನ್ನು ಅಂಗಿಯ ಅಂಚಿನಿಂದ ಒರೆಸಿದರು. “ನೀನು ಓದ್ತಾ ಇದ್ದೆಯಲ್ಲ, ಒಂದಲ್ಲ ಒಂದಿನ ನಿಂಗೇ ಸಿಗುತ್ತೆ. ಬಂದು, ಏನಪ್ಪಾ ಹಿಂಗ್ ಬರ್ದಿದೀರ ಅಂತ ಕೇಳ್ತೀಯ. ಆವಾಗ ಇಬ್ರೂ ಕೂತು ತಿದ್ದಬಹುದು ಅಂತ ಬಿಟ್ಟಿದ್ದೆ. ನೀನು ಕೇಳ್ಲಿಲ್ಲ. ಕೆಲಸ, ಮನೆ, ನಿಂಗೂ ಬಿಡುವೆಲ್ಲಿ. ಪುಸ್ತಕ ಮಾಡ್ತೀವಿ ಅಂತ ಅವರು ಬಂದಾಗ ನಾನ್ಯಾಕೆ ಹೂಂ ಅಂದೆ ಅಂದ್ಕೊಂಡೆ? ಟೈಪ್ ಮಾಡುವಾಗ್ಲಾದ್ರೂ ನೀನು ಎದುರಿಗೆ ಕೂತ್ಕೊಂಡು ಒಂದೊಂದೇ ಕೇಳ್ತೀಯ ಅಂತ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಇನ್ನೂರು ಕಡೆ ನಾನು ಅವರನ್ನು ಅಳಿಸಿ ಅವರ ದನಿಯಲ್ಲೇ ಬರೆದಿದ್ದೆ, ಆ ಒಂದೊಂದನ್ನೂ ಅವರು ಬೆಳಗಿನಿಂದ ಓದಿದ್ದರು. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕಾಪಾಡಿಕೊಂಡದ್ದು ನನ್ನ ಮುಖವನ್ನೋ, ಅವರ ಸಂತೋಷವನ್ನೋ, ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. “ಈಗ ಕೂರೋಣ ಅಪ್ಪ. ನೋಟ್‌ಬುಕ್ಕು ತರ್ತೀನಿ. ಮೊದಲ್ನೇ ಪದದಿಂದ ಕೇಳ್ತೀನಿ, ಪ್ರೆಸ್ಸಿನೋರು ಕಾಯ್ಲಿ” ಅಂದೆ.

ಅಪ್ಪ ಪ್ರೂಫಿನ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದರು. “ಈಗ ಏನ್ ಕೇಳ್ತೀಯ ಪುಟ್ಟಿ?” ಅಂದರು. ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿಯದೆಯೇ ಕೇಳಿದ್ದು. ನಾನು ನೋಟ್‌ಬುಕ್ಕು ತಂದು ಮೊದಲ ಪುಟ ತೆರೆದೆ, ಅಲ್ಲಿದ್ದ ಎಲ್ಲ ಪದಗಳ ಅರ್ಥವೂ ಈಗ ಇಬ್ಬರಿಗೂ ಗೊತ್ತಿತ್ತು.